ಒತ್ತಡ ಅಳೆಯುತ್ತೇನೆಂದ ವಾಚು: ಆರು ತಿಂಗಳ ಬಳಕೆಯ ನಂತರ

ಕಳೆದ ಜನವರಿಯಲ್ಲಿ 4,500 ರೂಪಾಯಿ ಕೊಟ್ಟು ಕೊಂಡ ಸ್ಮಾರ್ಟ್ ವಾಚಿನ ಪೆಟ್ಟಿಗೆಯ ಮೇಲೆ ಹೆಜ್ಜೆ, ನಿದ್ರೆ, ನಾಡಿಬಡಿತಗಳ ಜೊತೆಗೆ ‘ದಿನವಿಡೀ ಒತ್ತಡದ ಮಾಪನ’ ಎಂಬ ಸಾಲೂ ಇತ್ತು; ರಕ್ತದೊತ್ತಡವಲ್ಲ, ಸ್ಟ್ರೆಸ್ ಎನ್ನುತ್ತಾರಲ್ಲ, ಆ ಒತ್ತಡ. ಇಪ್ಪತ್ತೆರಡು ವರ್ಷಗಳಿಂದ ಬ್ಯಾಂಕಿನ ಶಾಖೆಯಲ್ಲಿ ದುಡಿಯುತ್ತಿರುವ, ಬಿ.ಪಿ. ಗಡಿರೇಖೆಯ ಮೇಲೆ ನಿಂತಿದೆ ಎಂದು ವೈದ್ಯರಿಂದ ಎಚ್ಚರಿಕೆ ಪಡೆದಿರುವ ನನ್ನನ್ನು ಅಂಗಡಿಯಲ್ಲಿ ತಡೆದು ನಿಲ್ಲಿಸಿದ್ದು ಆ ಸಾಲೇ. ಕಂಪನಿಯ ಹೆಸರು ಬರೆಯುತ್ತಿಲ್ಲ. ಮಣಿಕಟ್ಟಿನಿಂದ ಒತ್ತಡ ಅಳೆಯುವ ವಾಚುಗಳೆಲ್ಲ ಸಾಮಾನ್ಯವಾಗಿ ಒಂದೇ ತತ್ತ್ವವನ್ನು ನೆಚ್ಚಿಕೊಂಡಿರುವುದರಿಂದ, ಇಲ್ಲಿ ಹೇಳುವ ಮಾತಿನ ಬಹುಪಾಲು ಅವುಗಳಿಗೂ ಸಲ್ಲುತ್ತದೆ. ವಾಚು ಕೆಟ್ಟದ್ದಲ್ಲ, ಆದರೆ ಅದು ಅಳೆಯುವುದು ಒಂದು, ಹೆಸರಿಡುವುದು ಇನ್ನೊಂದು.

ವಾಚಿನ ಹಿಂಬದಿಯ ಹಸಿರು ದೀಪ ಚರ್ಮದೊಳಕ್ಕೆ ಬೆಳಕು ಬಿಡುತ್ತದೆ; ಪ್ರತಿ ಬಡಿತಕ್ಕೂ ನಾಳಗಳಲ್ಲಿ ರಕ್ತ ಏರಿಳಿಯುವಂತೆ ಮರಳಿ ಬರುವ ಬೆಳಕೂ ಏರಿಳಿಯುವುದರಿಂದ, ಒಂದು ಬಡಿತಕ್ಕೂ ಮುಂದಿನದಕ್ಕೂ ಇರುವ ಅಂತರವನ್ನು ಮಿಲಿಸೆಕೆಂಡಿನ ಲೆಕ್ಕದಲ್ಲಿ ಹಿಡಿಯಬಹುದು. ನಿಮಿಷಕ್ಕೆ 60 ಸಲ ಬಡಿಯುವ ಹೃದಯ ಗಡಿಯಾರದ ಹಾಗೆ ಸೆಕೆಂಡಿಗೊಮ್ಮೆ ಬಡಿಯುತ್ತದೆಂದು ಬಹಳ ಜನ ತಿಳಿದಿದ್ದಾರೆ, ನಾನೂ ಹಾಗೆಯೇ ತಿಳಿದಿದ್ದೆ. ನಿಜವಾಗಿ, ಉಸಿರು ಒಳಗೆಳೆದಾಗ ಬಡಿತ ತುಸು ಚುರುಕಾಗುತ್ತದೆ, ಬಿಟ್ಟಾಗ ನಿಧಾನವಾಗುತ್ತದೆ. ಮೆದುಳಿನಿಂದ ಹೃದಯಕ್ಕಿಳಿಯುವ ವೇಗಸ್ ನರ ನಿರಾತಂಕವಾಗಿ ಕೆಲಸ ಮಾಡುತ್ತಿರುವಾಗ ಈ ಏರುಪೇರು ಹೆಚ್ಚು. ಗಾಬರಿಯಲ್ಲಿ ಅದರ ಹಿಡಿತ ಸಡಿಲವಾಗಿ, ಬಡಿತ ವೇಗವನ್ನೂ ಒಂದೇ ಅಳತೆಯನ್ನೂ ಪಡೆಯುತ್ತದೆ. ಏರುಪೇರು ಕುಗ್ಗಿದಾಗ ಈ ವಾಚು ಅದನ್ನು ‘ಒತ್ತಡ’ ಎಂದು ಕರೆದು, 1ರಿಂದ 100ರೊಳಗಿನ ಒಂದು ಅಂಕಿಯನ್ನು ಮುಂದಿಡುತ್ತದೆ.

ದೇಹ ಒತ್ತಡಕ್ಕೆ ಕೊಡುವ ಉತ್ತರದಲ್ಲಿ ಇದು ಮೊದಲ ಭಾಗ ಮಾತ್ರ. ಹಾರ್ವರ್ಡ್‌ನ ಶರೀರವಿಜ್ಞಾನಿ ವಾಲ್ಟರ್ ಕ್ಯಾನನ್ ನೂರು ವರ್ಷಗಳ ಹಿಂದೆ ವಿವರಿಸಿದ ‘ಹೋರಾಡು ಇಲ್ಲವೇ ಓಡು’ ಎಂಬ ಸಿದ್ಧತೆಯಲ್ಲಿ, ಮೂತ್ರಪಿಂಡಗಳ ತಲೆಯ ಮೇಲೆ ಟೋಪಿಯಂತೆ ಕುಳಿತ ಅಡ್ರಿನಲ್ ಗ್ರಂಥಿಗಳು ಕೆಲವೇ ಸೆಕೆಂಡುಗಳಲ್ಲಿ ಅಡ್ರಿನಲಿನ್ ಎಂಬ ಹಾರ್ಮೋನನ್ನು ಸುರಿಸುತ್ತವೆ. ರಕ್ತ ಹೊಟ್ಟೆಯನ್ನು ಬಿಟ್ಟು ಸ್ನಾಯುಗಳ ಕಡೆಗೆ ಹರಿಯುತ್ತದೆ, ಬಾಯಿ ಒಣಗುತ್ತದೆ. ಎರಡನೆಯ ಭಾಗ ಸಾವಧಾನದ್ದು. ಮೆದುಳಿನ ಹೈಪೋಥಲಾಮಸ್ ಎಂಬ ಭಾಗ ಅದರ ಕೆಳಗಿರುವ ಪಿಟ್ಯುಟರಿ ಗ್ರಂಥಿಗೆ, ಪಿಟ್ಯುಟರಿ ಮತ್ತೆ ಅದೇ ಅಡ್ರಿನಲ್ ಗ್ರಂಥಿಗಳಿಗೆ ಹಾರ್ಮೋನುಗಳ ಮೂಲಕ ಸುದ್ದಿ ಮುಟ್ಟಿಸಿ, ಕಾರ್ಟಿಸಾಲ್ ಎಂಬ ಇನ್ನೊಂದು ಹಾರ್ಮೋನು ಏರಿ ಶಿಖರ ಮುಟ್ಟುವಷ್ಟರಲ್ಲಿ ಇಪ್ಪತ್ತು ಮೂವತ್ತು ನಿಮಿಷ ಕಳೆದಿರುತ್ತದೆ. ರಕ್ತದಲ್ಲಿ ಸಕ್ಕರೆ ಏರಿಸುವುದು, ರೋಗನಿರೋಧಕ ಶಕ್ತಿಯ ಕೈ ತಡೆಯುವುದು ಈ ಕಾರ್ಟಿಸಾಲಿನ ಕೆಲಸ. ಅದನ್ನು ತಿಳಿಯಲು ರಕ್ತ, ಜೊಲ್ಲು ಅಥವಾ ಮೂತ್ರವನ್ನು ಪರೀಕ್ಷಿಸಬೇಕು. ಹಸಿರು ದೀಪಕ್ಕೆ ಅದು ಕಾಣುವುದಿಲ್ಲ.

ನನಗೆ ವಾಚಿನ ಮಿತಿ ಅರ್ಥವಾದದ್ದು ಮಾರ್ಚ್ 31ರಂದು. ವರ್ಷಾಂತ್ಯದ ಕ್ಲೋಸಿಂಗ್‌ ಎಂದರೇನೆಂದು ಬ್ಯಾಂಕಿನವರಿಗೆ ಹೇಳಬೇಕಾಗಿಲ್ಲ. ಲೆಕ್ಕ ತಾಳೆಯಾಗದೆ ರಾತ್ರಿ ಹತ್ತೂವರೆಯವರೆಗೆ ಶಾಖೆಯಲ್ಲೇ ಕುಳಿತಿದ್ದೆ. ಕುತ್ತಿಗೆ ಬಿಗಿದಿತ್ತು, ಮಧ್ಯಾಹ್ನದ ಊಟ ಹಾಗೆಯೇ ಹೊಟ್ಟೆಯಲ್ಲಿ ಕುಳಿತಂತಿತ್ತು. ಮನೆಗೆ ಬಂದು ಕುತೂಹಲದಿಂದ ಗ್ರಾಫ್ ತೆರೆದರೆ, ಸಂಜೆ ಐದರಿಂದ ಹತ್ತರವರೆಗಿನ ಜಾಗ ಬಹುಪಾಲು ಖಾಲಿ. ಕೈ ಅಲುಗಾಡುತ್ತಿದ್ದರೆ ಬೆಳಕಿನ ಸಂಕೇತ ಕಲಸಿಹೋಗುವುದರಿಂದ ವಾಚು ಅಂಥ ಹೊತ್ತಿನ ಲೆಕ್ಕವನ್ನೇ ಬಿಟ್ಟುಬಿಡುತ್ತದೆ ಎಂದು ಕೈಪಿಡಿಯ ಸಣ್ಣ ಅಕ್ಷರದಲ್ಲಿ ಬರೆದಿತ್ತು. ನಾನೋ ಇಡೀ ಸಂಜೆ ಕೀಬೋರ್ಡ್ ಕುಟ್ಟುತ್ತಿದ್ದೆ, ವೋಚರ್ ತಿರುವುತ್ತಿದ್ದೆ. ಅಳೆದ ಕೆಲವೇ ಗಳಿಗೆಗಳ ಸರಾಸರಿ ತೆಗೆದು, ಆ ದಿನವನ್ನು ಅದು ‘ಸಾಧಾರಣ’ ಎಂದು ಘೋಷಿಸಿತ್ತು.

ಏಪ್ರಿಲಿನಲ್ಲಿ ಉಡುಪಿಯ ಕಡೆ ನೆಂಟರ ಊರಿನಲ್ಲಿ ಬಯಲಾಟ ನೋಡಲು ಕುಳಿತಾಗ ಇದಕ್ಕೆ ತದ್ವಿರುದ್ಧವಾದದ್ದು ನಡೆಯಿತು. ಚೆಂಡೆಯ ಪೆಟ್ಟು ಏರುತ್ತ, ದೀವಟಿಗೆಗಳ ನಡುವೆ ಮಹಿಷಾಸುರ ಪ್ರೇಕ್ಷಕರ ಹಿಂದಿನಿಂದ ನುಗ್ಗಿ ಬರುವಾಗ ನಾನು ಕುರ್ಚಿಯಲ್ಲಿ ಅಲುಗಾಡದೆ ಕುಳಿತಿದ್ದೆ. ಆ ಅರ್ಧ ಗಂಟೆಗೆ ವಾಚು 84ರ ‘ಅಧಿಕ ಒತ್ತಡ’ ದಾಖಲಿಸಿತು. ಸಂತೋಷದ ಉದ್ವೇಗಕ್ಕೂ ಮೇಲಧಿಕಾರಿಯ ಫೋನಿಗೂ ಹೃದಯ ಮೊದಲಿಗೆ ಹೆಚ್ಚುಕಡಿಮೆ ಒಂದೇ ಭಾಷೆಯಲ್ಲಿ ಉತ್ತರಿಸುವುದರಿಂದ ಇದರಲ್ಲಿ ವಾಚಿನ ತಪ್ಪಿಲ್ಲ. ಗಟ್ಟಿ ಕಾಫಿಗೂ ರಾತ್ರಿಯ ಭಾರೀ ಊಟಕ್ಕೂ ಅಂಕಿ ಏರುತ್ತದೆ. ಒಮ್ಮೆ ಮಾತ್ರ ಅದು ನನ್ನನ್ನು ಮೆಚ್ಚಿಸಿತು: ಜ್ವರ ಬರುವ ಹಿಂದಿನ ರಾತ್ರಿ, ನನಗಿನ್ನೂ ಏನೂ ತಿಳಿಯದಿದ್ದಾಗ, ನಿದ್ರೆಯಲ್ಲೇ ಅಂಕಿ ಎಂದಿಗಿಂತ ಮೇಲೇರಿ ನಿಂತಿತ್ತು. ಅಲುಗಾಟವಿಲ್ಲದ ನಿದ್ರೆಯ ಹೊತ್ತಿನ ಲೆಕ್ಕವೇ ಇದರಲ್ಲಿ ನಂಬಲು ಅರ್ಹವಾದದ್ದು ಎಂಬುದು ನನ್ನ ಅಭಿಪ್ರಾಯ.

ಆರೋಗ್ಯಕ್ಕೆ ಪೆಟ್ಟು ಕೊಡುವುದು ಅರ್ಧ ಗಂಟೆಯ ಏರಿಕೆಯಲ್ಲ, ಇಳಿಯಬೇಕಾದಾಗ ಇಳಿಯದಿರುವುದು. ತಿಂಗಳುಗಟ್ಟಲೆ, ವರ್ಷಗಟ್ಟಲೆ ಹೀಗೆ ಸಿದ್ಧತೆಯಲ್ಲೇ ನಿಂತ ದೇಹದ ಸವೆತಕ್ಕೆ ಅಮೆರಿಕದ ನರವಿಜ್ಞಾನಿ ಬ್ರೂಸ್ ಮೆಕ್‌ಯೂನ್ 1993ರಲ್ಲಿ ‘ಅಲೊಸ್ಟಾಟಿಕ್ ಲೋಡ್’ ಎಂಬ ಹೆಸರು ಬಳಕೆಗೆ ತಂದರು. ನಮ್ಮ ಮಾತಿನಲ್ಲಿ ಅದನ್ನು ಸಾಲದ ಮೇಲೆ ಬೆಳೆಯುವ ಬಡ್ಡಿ ಎನ್ನಬಹುದು. 1995ರಲ್ಲಿ ಅಮೆರಿಕದ ಓಹಾಯೋದ ಸಂಶೋಧಕರು, ಮರೆಗುಳಿ ರೋಗದ ಬಂಧುಗಳನ್ನು ನೋಡಿಕೊಳ್ಳುತ್ತಿದ್ದ 13 ಮಹಿಳೆಯರ ಮತ್ತು ಅದೇ ವಯಸ್ಸಿನ, ಅಂಥ ಹೊಣೆಯಿಲ್ಲದ 13 ಮಹಿಳೆಯರ ತೋಳಿನಲ್ಲಿ ಒಂದೇ ಅಳತೆಯ ಪುಟ್ಟ ಗಾಯ ಮಾಡಿ ಕಾದು ನೋಡಿದಾಗ, ಮೊದಲ ಗುಂಪಿನವರ ಗಾಯ ಮಾಯಲು ಸರಾಸರಿ ಒಂಬತ್ತು ದಿನ ಹೆಚ್ಚು ಹಿಡಿಯಿತು. ಅಂಥ ಮನೆಯೊಂದನ್ನು ಹತ್ತಿರದಿಂದ ಕಂಡಿರುವ ನನಗೆ ಈ ಫಲಿತಾಂಶ ಅಚ್ಚರಿ ತರಲಿಲ್ಲ. ಆದರೆ ಒಂಬತ್ತು ದಿನಗಳ ಆ ತಡವನ್ನು ಯಾವ ಮಣಿಕಟ್ಟಿನ ಅಂಕಿಯೂ ತೋರಿಸಲಾರದು.

ಈ ವಾಚಿನ ಅರ್ಧಕ್ಕಿಂತ ಕಡಿಮೆ ಬೆಲೆಗೆ ಸಿಕ್ಕ, ತೋಳಿಗೆ ಪಟ್ಟಿ ಸುತ್ತುವ ಬಿ.ಪಿ. ಮಷೀನು ನನಗೆ ಹೆಚ್ಚು ಉಪಕಾರ ಮಾಡಿದೆ. ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು ಸುಮ್ಮನೆ ಕುಳಿತು, ಕಾಲ ಮೇಲೆ ಕಾಲು ಹಾಕದೆ, ತೋಳನ್ನು ಎದೆಯ ಮಟ್ಟಕ್ಕಿಟ್ಟು, ಒಂದು ನಿಮಿಷದ ಅಂತರದಲ್ಲಿ ಎರಡು ಸಲ ಅಳೆದು ಬರೆದಿಡುತ್ತೇನೆ. ಮನೆಯಲ್ಲಿ ಸರಾಸರಿ 135/85 ದಾಟಿದರೆ ಏರು ರಕ್ತದೊತ್ತಡವೆಂದು ಎಣಿಸುತ್ತಾರೆ. ಆಸ್ಪತ್ರೆಯ ಕುರ್ಚಿಯಲ್ಲಿ 146 ಇದ್ದ ನನ್ನ ಬಿ.ಪಿ.ಯ ಮೇಲಿನ ಅಂಕಿ ಮನೆಯಲ್ಲಿ 130ರ ಆಸುಪಾಸಿನಲ್ಲೇ ಇತ್ತು. ಬಿಳಿ ಕೋಟು ಕಂಡರೆ ಏರುವ ಬಿ.ಪಿ. ಎಂದು ವೈದ್ಯರು ನಕ್ಕರು, ಆದರೂ ಬರೆಯುವುದನ್ನು ನಿಲ್ಲಿಸಬೇಡಿ ಎಂದರು. ವಾಚಿನ ಗ್ರಾಫನ್ನು ಅವರು ಕೇಳಲಿಲ್ಲ.

ವಾಚಿನಲ್ಲಿ ನಾನು ಈಗಲೂ ಬಳಸುವುದು ಉಸಿರಾಟದ ಅಭ್ಯಾಸವನ್ನು. ನಿಮಿಷಕ್ಕೆ ಸುಮಾರು ಆರು ಉಸಿರಿನ ಲಯದಲ್ಲಿ ಪರದೆಯ ವೃತ್ತ ಹಿಗ್ಗಿ ಕುಗ್ಗುತ್ತದೆ. ಆ ಲಯದಲ್ಲಿ ಬಡಿತದ ಏರುಪೇರು ನಿಜಕ್ಕೂ ಹೆಚ್ಚುತ್ತದೆ, ಐದೇ ನಿಮಿಷದಲ್ಲಿ ಕುತ್ತಿಗೆಯ ಬಿಗಿ ಸಡಿಲವಾಗುತ್ತದೆ. ಪ್ರಾಣಾಯಾಮ ರೂಢಿಯಿರುವವರಿಗೆ ಇದಕ್ಕಾಗಿ ವಾಚು ಬೇಡ. ಬ್ಯಾಟರಿ ಆರು ದಿನ ಬಾಳುತ್ತದೆ, ರಬ್ಬರಿನ ಪಟ್ಟಿ ಬೇಸಿಗೆಯಲ್ಲಿ ಬೆವರಿ ತುರಿಸುತ್ತದೆ. ‘ನಿಮ್ಮ ಒತ್ತಡ ಹೆಚ್ಚಾಗಿದೆ’ ಎಂಬ ಸಂದೇಶ ಮೀಟಿಂಗಿನ ನಡುವೆ ಮಣಿಕಟ್ಟಿನಲ್ಲಿ ಗುಂಯ್‌ಗುಟ್ಟಿ, ಇಲ್ಲದ ಒತ್ತಡವನ್ನೂ ಬರಿಸುತ್ತಿತ್ತು. ಕೊಂಡವರು ಮೊದಲ ದಿನವೇ ಸೆಟ್ಟಿಂಗ್ಸ್‌ಗೆ ಹೋಗಿ ಅದನ್ನು ಆರಿಸುವುದು ಒಳ್ಳೆಯದು. ಹೆಜ್ಜೆ ಮತ್ತು ನಿದ್ರೆಯ ಲೆಕ್ಕಕ್ಕೆ ಬೇಕಿದ್ದರೆ ಐದಕ್ಕೆ ಮೂರು ಅಂಕ ಕೊಡುತ್ತೇನೆ, ಒತ್ತಡದ ಮಾಪನಕ್ಕೆಂದೇ ಕೊಳ್ಳುವುದಾದರೆ ಒಂದು.