ಹಳೇ ಫ್ಲ್ಯಾಟಿನಲ್ಲಿ 9 ವರ್ಷ, ಹೊಸ ಫ್ಲ್ಯಾಟಿನಲ್ಲಿ 3 ಬೇಸಿಗೆ

ಹಳೇ ಕಟ್ಟಡದ ಎರಡನೇ ಮಹಡಿಯಲ್ಲಿ 9 ವರ್ಷ ಇದ್ದೆವು. ಹೊಸದಕ್ಕೆ ಬಂದು 3 ಬೇಸಿಗೆ ಆಯಿತು. ಲಿಫ್ಟು, ಜನರೇಟರು, ಪಾರ್ಕಿಂಗು ಎಲ್ಲ ನೀವು ಬ್ರೋಶರ್‌ನಲ್ಲೇ ನೋಡಿರುತ್ತೀರಿ, ಅದು ಬಿಡಿ. ನನಗೆ ಹೇಳಬೇಕಿರುವುದು ಬೇಸಿಗೆಯ ಸೆಕೆಯ ಬಗ್ಗೆ, ಅದರಲ್ಲೂ ಒಂದು ಗೋಡೆಯ ಬಗ್ಗೆ.

ಮಲಗುವ ಕೋಣೆಯ ಪಶ್ಚಿಮದ ಗೋಡೆ ಅದು. ರಾತ್ರಿ ಒಂಬತ್ತಕ್ಕೆ ಕೈ ಇಟ್ಟರೆ ಈಗಷ್ಟೇ ಇಸ್ತ್ರಿ ಮಾಡಿದ ಬಟ್ಟೆಯ ಹಾಗೆ ಬಿಸಿ. ಸೂರ್ಯ ಮುಳುಗಿ ಎರಡು ಗಂಟೆಯಾದ ಮೇಲೂ! ಇಲ್ಲಿ ಇಟ್ಟಿಗೆಯೇ ಇಲ್ಲ, ಅಲ್ಯೂಮಿನಿಯಂ ಅಚ್ಚಿಗೆ ಕಾಂಕ್ರೀಟ್ ಸುರಿದು ಕಟ್ಟಿದ್ದಾರೆ, ಹೊರಗೋಡೆ ಬರೀ 6 ಇಂಚು. ಕಾಂಕ್ರೀಟು ಇಟ್ಟಿಗೆಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಶಾಖ ದಾಟಿಸುತ್ತದೆ. ಮಧ್ಯಾಹ್ನದ ಬಿಸಿಲು ನಿಧಾನಕ್ಕೆ ಗೋಡೆ ದಾಟಿ, ಸರಿಯಾಗಿ ನಾವು ಹಾಸಿಗೆ ಹಾಸುವ ಹೊತ್ತಿಗೆ ಒಳಗೆ ಬರುತ್ತದೆ.

ಹಳೇ ಮನೆಯದು 9 ಇಂಚಿನ ಇಟ್ಟಿಗೆ ಗೋಡೆ. ಅದೂ ಕಾಯುತ್ತಿತ್ತು, ಸುಳ್ಳು ಹೇಳಲ್ಲ. ಆದರೆ ಪ್ರತಿ ಕಿಟಕಿಯ ಮೇಲೂ 2 ಅಡಿ ಸಜ್ಜಾ ಇತ್ತು, ಎದುರುಬದುರು ಕಿಟಕಿ ಇದ್ದವು. ಸಂಜೆ ಆರಕ್ಕೆ ಎಲ್ಲ ಬಾಗಿಲು ಕಿಟಕಿ ತೆರೆದು, ನೆಲ ಒರೆಸಿ, ಹತ್ತು ನಿಮಿಷ ಸುಮ್ನೆ ಕೂರುತ್ತಿದ್ದೆವು. ಗಾಳಿ ಒಂದು ಕಡೆಯಿಂದ ಬಂದು ಇನ್ನೊಂದು ಕಡೆ ಹೋಗುವುದು ಪರದೆ ನೋಡಿದರೇ ಗೊತ್ತಾಗುತ್ತಿತ್ತು. ಆ ಹತ್ತು ನಿಮಿಷ ನೆನಪಾದರೆ ಈಗಲೂ ಹೊಟ್ಟೆ ಉರಿಯುತ್ತದೆ. ಹೊಸ ಮನೆಯಲ್ಲಿ ಕಾರಿಡಾರಿನ ಎರಡೂ ಬದಿಗೆ ಫ್ಲ್ಯಾಟುಗಳು, ಹಾಗಾಗಿ ನಮಗೆ ಸಿಕ್ಕಿದ್ದು ಒಂದೇ ಬದಿಯ ಕಿಟಕಿ. ಅದೂ ಸ್ಲೈಡಿಂಗು, ಎಷ್ಟು ಸರಿಸಿದರೂ ತೆರೆಯುವುದು ಅರ್ಧ ಮಾತ್ರ. ಬಂದ ಗಾಳಿ ಹೋಗಲು ದಾರಿ ಬೇಕಲ್ವಾ?

ಮೊದಲ ಬೇಸಿಗೆ ಎಸಿ ರಾತ್ರಿಯಿಡೀ ಓಡಿತು. ಬಿಲ್ಲು ನೋಡಿ ಎರಡನೇ ವರ್ಷ ಒಳಗೆ ದಪ್ಪ ಪರದೆ ಹಾಕಿದೆ. ಹೇಳಿಕೊಳ್ಳುವಂಥ ವ್ಯತ್ಯಾಸ ಆಗಲಿಲ್ಲ, ಗಾಜು ದಾಟಿ ಒಳಗೆ ಬಂದ ಬಿಸಿಯನ್ನು ಪರದೆ ವಾಪಸ್ ಕಳಿಸುವುದಾದರೂ ಹೇಗೆ? ಈ ವರ್ಷ ಬಾಲ್ಕನಿಯ ಹೊರಗಡೆಗೆ ಬಿದಿರಿನ ತಟ್ಟಿ ಇಳಿಬಿಟ್ಟೆ, ಮಧ್ಯಾಹ್ನ ಒಂದರಿಂದ ಆರರವರೆಗೆ. ಹಾಲ್‌ನಲ್ಲಿ ನಿಜವಾಗಿಯೂ ತಂಪು ಗೊತ್ತಾಯಿತು. ಬೆಳಗ್ಗೆ ಐದಕ್ಕೆ ಕಿಟಕಿ ತೆರೆದು ಎಂಟಕ್ಕೆ ಮುಚ್ಚುತ್ತೇನೆ, ಮುಂಬಾಗಿಲಿಗೆ ಜಾಲರಿ ಬಾಗಿಲು ಹಾಕಿಸಿದ್ದರಿಂದ ಕಾರಿಡಾರಿನ ಕಡೆಗೆ ಸ್ವಲ್ಪ ಗಾಳಿಯೂ ಆಡುತ್ತದೆ. ಈಗ ಎಸಿ ಮಲಗುವಾಗ ಎರಡು ಗಂಟೆ ಸಾಕು.

ಹೊಸದರ ಮೇಲೆ ಪೂರ್ತಿ ಸಿಟ್ಟೂ ಇಲ್ಲ. ಕಿಟಕಿ ಮುಚ್ಚಿದರೆ ರಸ್ತೆ ಸದ್ದು, ದೂಳು ಎರಡೂ ನಿಲ್ಲುತ್ತವೆ, ಮಗು ಮಧ್ಯಾಹ್ನ ಎಚ್ಚರವಾಗದೆ ನಿದ್ದೆ ಮಾಡುತ್ತದೆ. ಹಳೇ ಕಟ್ಟಡದಲ್ಲಿ ಎಸಿ ಹಾಕಿದರೆ ಫ್ಯೂಸ್ ಹೋಗುತ್ತಿತ್ತು. ಅಲ್ಲಿ ಟೆರೇಸಿನ ಕೆಳಗಿನ ಮನೆಯವರು ಬೇಸಿಗೆಯಲ್ಲಿ ಮಧ್ಯಾಹ್ನ ಮನೆಯೊಳಗೆ ಇರುತ್ತಲೇ ಇರಲಿಲ್ಲ, ಅಷ್ಟು ಕಾಯುತ್ತಿತ್ತು. ನಾವು ಎರಡನೇ ಮಹಡಿಯಲ್ಲಿದ್ದೆವು ಅಂತ ಬಚಾವಾದೆವು.

ಮಲಗುವ ಕೋಣೆಯ ಕಿಟಕಿಗೂ ಹೊರಗಿನಿಂದ ನೆರಳು ಮಾಡೋಣ ಅಂತ ಅಪಾರ್ಟ್‌ಮೆಂಟಿನ ನಿವಾಸಿಗಳ ಸಂಘಕ್ಕೆ ಕೇಳಿದೆ, ಕಟ್ಟಡದ ಅಂದ ಕೆಡುತ್ತದೆ ಅಂದರು. ಮುಂದಿನ ಸಭೆಗೆ ಮತ್ತೆ ಅರ್ಜಿ ಬರೆದಿದ್ದೇನೆ, ಪಶ್ಚಿಮದ ಕಡೆಯ ಇನ್ನೂ ನಾಲ್ಕು ಮನೆಯವರು ಸಹಿ ಹಾಕಿದ್ದಾರೆ.