ಬೆಂಗಳೂರು–ಶಿವಮೊಗ್ಗ ವಿಮಾನ: ಟಿಕೆಟ್‌ನಲ್ಲಿ ಒಂದು ಗಂಟೆ, ಮನೆಯಿಂದ ಮನೆಗೆ ಎಷ್ಟು?

ಶಿವಮೊಗ್ಗದ ಹತ್ತಿರ ಸೋಗಾನೆಯಲ್ಲಿರುವ ವಿಮಾನ ನಿಲ್ದಾಣದಿಂದ 2023ರ ಆಗಸ್ಟ್ 31ಕ್ಕೆ ಪ್ರಯಾಣಿಕರ ವಿಮಾನ ಶುರುವಾಯಿತು. ಆಮೇಲಿಂದ ಊರಿಗೆ ಹೋಗಿಬರಲು ವಿಮಾನ, ರೈಲು ಎರಡನ್ನೂ ಬಳಸುತ್ತಾ ಬಂದಿದ್ದೇನೆ. ‘ಅರ್ಧ ಗಂಟೆ ದಾರಿ ಅಲ್ವಾ?’ ಎಂದು ಈಗಲೂ ಕೇಳುತ್ತಾರೆ. ಅಲ್ಲ.

ಬೆಂಗಳೂರಿನ ವಿಮಾನ ನಿಲ್ದಾಣ ಇರುವ ದೇವನಹಳ್ಳಿಯಿಂದ ಸೋಗಾನೆಗೆ ನೇರ ಗೆರೆ ಎಳೆದರೆ ಸುಮಾರು 240 ಕಿ.ಮೀ. ನಾನು ಹೋಗಿದ್ದೆಲ್ಲ ಎಟಿಆರ್ 72 ಎಂಬ ಚಿಕ್ಕ ಪ್ರೊಪೆಲ್ಲರ್ ವಿಮಾನದಲ್ಲಿ. ಅದರ ವೇಗ ಗಂಟೆಗೆ ಹೆಚ್ಚುಕಡಿಮೆ 500 ಕಿ.ಮೀ. ಭಾಗಿಸಿದರೆ ಅರ್ಧ ಗಂಟೆ ಬರುತ್ತದೆ, ನಿಜ. ಆದರೆ ಆ ವೇಗ ಸಿಗುವುದು ಮೇಲೇರಿದ ಮೇಲೆ. ಇಷ್ಟು ಹತ್ತಿರದ ದಾರಿಯಲ್ಲಿ ಏರುವುದು, ಇಳಿಯುವುದರಲ್ಲೇ ಬಹಳ ಹೊತ್ತು ಹೋಗುತ್ತದೆ. ಬೆಂಗಳೂರಿನಲ್ಲಿ ರನ್‌ವೇ ತನಕ ಉರುಳಬೇಕು, ಮುಂದಿನ ವಿಮಾನಗಳು ಹೋಗುವ ತನಕ ಕಾಯಬೇಕು. ಟಿಕೆಟ್‌ನಲ್ಲಿ ಒಂದು ಗಂಟೆ, ಒಂದೂಕಾಲು ಗಂಟೆ ಅಂತ ಹಾಕುವುದು ಇದನ್ನೆಲ್ಲ ಸೇರಿಸಿಯೇ.

ಆ ಹೊತ್ತು ಮಾತ್ರ ನನಗೆ ಬಲು ಇಷ್ಟ. ಎಟಿಆರ್‌ಗೆ ಹಿಂದಿನ ಬಾಗಿಲಿಂದ ಹತ್ತಬೇಕು. ರೆಕ್ಕೆ ಕಿಟಕಿಗಿಂತ ಮೇಲಿರುವುದರಿಂದ ನೆಲ ಚೆನ್ನಾಗಿ ಕಾಣುತ್ತದೆ. ಊರು ಹತ್ತಿರವಾದಂತೆ ತೆಂಗಿನ ತೋಟ ಹೋಗಿ ಅಡಿಕೆ ತೋಟ ದಟ್ಟವಾಗುತ್ತದೆ. ಮೋಡ ಇಲ್ಲದ ದಿನ ಎಡಗಡೆ ಕಿಟಕಿ ಸಿಕ್ಕಿದರೆ ದೂರದಲ್ಲಿ ಭದ್ರಾ ಜಲಾಶಯದ ನೀರು ಹೊಳೆಯುತ್ತದೆ. ಸದ್ದು ಸ್ವಲ್ಪ ಜಾಸ್ತಿ. ತಲೆ ಮೇಲಿನ ಗೂಡು ಚಿಕ್ಕದು, ದೊಡ್ಡ ಟ್ರಾಲಿ ಅಲ್ಲಿ ಹಿಡಿಯುವುದಿಲ್ಲ.

ಈಗ ಮನೆಯಿಂದ ಮನೆಗೆ ಲೆಕ್ಕ ಹಾಕೋಣ. ನಮ್ಮ ಮನೆ ಜಯನಗರದಲ್ಲಿ. ವಾಯು ವಜ್ರ ಬಸ್ ಹಿಡಿದು ನಿಲ್ದಾಣ ಸೇರಲು ಟ್ರಾಫಿಕ್ ನೋಡಿಕೊಂಡು ಒಂದೂವರೆಯಿಂದ ಎರಡು ಗಂಟೆ. ಬ್ಯಾಗ್ ಕೊಡುವ ಕೌಂಟರ್ ಒಂದು ಗಂಟೆ ಮೊದಲೇ ಮುಚ್ಚುತ್ತದೆ, ಹಾಗಾಗಿ ಅದಕ್ಕೂ ಮುಂಚೆ ಅಲ್ಲಿರಬೇಕು. ಆಮೇಲೆ ಹಾರಾಟ. ಸೋಗಾನೆಯಿಂದ ಪೇಟೆಗೆ ಇನ್ನೊಂದು ಅರ್ಧ ಗಂಟೆ. ಒಟ್ಟು ಐದು ಗಂಟೆ ಹತ್ತಿರ ಬಂತು. ಜನಶತಾಬ್ದಿ ರೈಲಿನಲ್ಲಿ ಕೂತರೂ ಅಷ್ಟೇ ಹೊತ್ತಿಗೆ ತರೀಕೆರೆ, ಭದ್ರಾವತಿ ದಾಟಿ ಊರ ನಡುವೆಯೇ ಇಳಿಯಬಹುದು, ಅದೂ ತೀರಾ ಕಮ್ಮಿ ದುಡ್ಡಿಗೆ. ದಕ್ಷಿಣ ಬೆಂಗಳೂರಿನವರು ಸಮಯ ಉಳಿಯುತ್ತದೆ ಅಂತ ಸುಮ್ನೆ ವಿಮಾನ ಹತ್ತಬೇಡಿ.

ಯಲಹಂಕ, ಹೆಬ್ಬಾಳದ ಕಡೆಯವರಿಗೆ ವಿಮಾನವೇ ಸರಿ. ದೆಹಲಿಗೋ ದುಬೈಗೋ ಮುಂದೆ ಹೋಗುವವರಿಗಂತೂ ಇದು ವರ. ಒಂದೇ ಟಿಕೆಟ್‌ನಲ್ಲಿ ಬುಕ್ ಮಾಡಿದರೆ ಬ್ಯಾಗನ್ನು ಶಿವಮೊಗ್ಗದಲ್ಲಿ ಕೊಟ್ಟು ಕೊನೆಯ ಊರಿನಲ್ಲಿ ತಗೊಳ್ಳಬಹುದು. ಮೊದಲು ಇದಕ್ಕೇ ರಾತ್ರಿಯಿಡೀ ಬಸ್ಸಿನಲ್ಲಿ ಕೂರಬೇಕಿತ್ತು. ಮಂಡಿನೋವಿರುವ ಅಮ್ಮನಿಗೆ ವೀಲ್‌ಚೇರ್ ಕೇಳಿದಾಗಲೆಲ್ಲ ಸೋಗಾನೆಯ ಸಿಬ್ಬಂದಿ ತಕ್ಷಣ ತಂದಿದ್ದಾರೆ. ಚಿಕ್ಕ ನಿಲ್ದಾಣ, ಹೆಚ್ಚು ನಡೆಯುವ ಕೆಲಸವೂ ಇಲ್ಲ.

ಬೇಸರ ಇರುವುದು ಮಳೆಗಾಲದ ಬಗ್ಗೆ. ಇಲ್ಲಿನ ರನ್‌ವೇ 3,200 ಮೀಟರ್, ಬೆಂಗಳೂರು ಬಿಟ್ಟರೆ ರಾಜ್ಯದಲ್ಲೇ ಉದ್ದದ್ದು. ಆದರೂ ಮೋಡ ಕೆಳಗಿಳಿದು ರನ್‌ವೇ ಕಾಣದಿದ್ದರೆ ಉದ್ದ ಇದ್ದು ಏನು ಪ್ರಯೋಜನ? ಒಮ್ಮೆ ಊರಿನ ಮೇಲೆ ಸುತ್ತು ಹೊಡೆದು ಮತ್ತೆ ಬೆಂಗಳೂರಿಗೇ ವಾಪಸಾದೆವು. ಜೂನ್‌ನಿಂದ ಸೆಪ್ಟೆಂಬರ್ ತನಕ, ಚಳಿಗಾಲದ ಬೆಳಗ್ಗೆ ಕೂಡ, ಮದುವೆ, ಪರೀಕ್ಷೆ, ಆಸ್ಪತ್ರೆ ಅಂತ ತಪ್ಪಿಸಲಾಗದ ಕೆಲಸ ಇದ್ದರೆ ಹಿಂದಿನ ದಿನವೇ ಹೊರಡಿ. ಶಿವಮೊಗ್ಗದಿಂದ ಬಂದು ಬೆಂಗಳೂರಿನಲ್ಲಿ ವಿಮಾನ ಬದಲಿಸುವವರು ನಡುವೆ ಕನಿಷ್ಠ ನಾಲ್ಕು ಗಂಟೆ ಇಟ್ಟುಕೊಳ್ಳಿ.