‘ಇಬ್ಬನಿ’ಯ ಜೊತೆಗೆ ಯಾವ ಹೆಸರು? ಹೆಸರು ಸೂಚಿಸುವ ಸೇವೆಯೊಂದರ ಅನುಭವ

ಮೊಮ್ಮಗಳು ಹುಟ್ಟಿದ್ದು ಕೊಡಗಿನ ಸುಗ್ಗಿ ಹಬ್ಬ ಹುತ್ತರಿಯ ಮರುದಿನ. ಹಿಂದಿನ ರಾತ್ರಿ ‘ಪೊಲಿ ಪೊಲಿ ದೇವಾ’ ಎಂದು ಕೂಗುತ್ತಾ ಕದಿರು ತೆಗೆಯಲು ಗದ್ದೆಗೆ ಇಳಿದಾಗ ನಮ್ಮೆಲ್ಲರ ಕಾಲು ಇಬ್ಬನಿಯಲ್ಲಿ ತೊಯ್ದು ಹೋಗಿತ್ತು. ಬೆಳಿಗ್ಗೆ ಮಡಿಕೇರಿಯ ಆಸ್ಪತ್ರೆಯಿಂದ ಮಗ ಫೋನ್ ಮಾಡಿ, ‘ಅವ್ವಾ, ಇವಳು ಇಬ್ಬನಿ’ ಎಂದ. ಮೊದಲ ಹೆಸರಿನ ಮಾತು ಅಲ್ಲಿಗೇ ಮುಗಿಯಿತು. ಅದಕ್ಕೆ ಜೊತೆಯಾಗಿ ನಡುವೆ ಬರಬೇಕಾದ ಹೆಸರಿಗಾಗಿ ಮಾತ್ರ ಮೂರು ವಾರ ತಲೆ ಕೆಡಿಸಿಕೊಂಡೆವು.

ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಮಕ್ಕಳಿಗೆ ಹೆಸರು ಸೂಚಿಸುವ ಸೇವೆಯೊಂದನ್ನು ಮೊಬೈಲಿನಲ್ಲಿ ಹುಡುಕಿ 1,500 ರೂಪಾಯಿ ಕಟ್ಟಿದ. 21 ದಿನಗಳೊಳಗೆ ಹೆಸರು ಕೊಡದಿದ್ದರೆ ಜನನ ಪ್ರಮಾಣಪತ್ರ ಸಿಗುವುದು ಕಷ್ಟವೆಂದು ಹೇಳಿ, ತುರ್ತು ಸೇವೆಯ ಹೆಸರಿನಲ್ಲಿ ಅವರು ಇನ್ನೂ 500 ರೂಪಾಯಿ ಪಡೆದರು. ಇದು ಶುದ್ಧ ತಪ್ಪು ಮಾಹಿತಿ. 21 ದಿನಗಳ ಗಡುವು ಇರುವುದು ಜನನವನ್ನು ನೋಂದಾಯಿಸಲು. ಹೆಸರಿಲ್ಲದೆಯೂ ನೋಂದಣಿ ಆಗುತ್ತದೆ. ಆಮೇಲೆ 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. ಬಾಣಂತಿ ಇರುವ ಮನೆಯಲ್ಲಿ ಆತಂಕ ಹುಟ್ಟಿಸಿ ಹಣ ಪಡೆದದ್ದನ್ನು ನಾನು ಇಂದಿಗೂ ಒಪ್ಪುವುದಿಲ್ಲ.

ಎರಡು ದಿನಗಳಲ್ಲಿ ವರದಿ ಬಂತು. ಹನ್ನೆರಡು ಪುಟ, ನಲವತ್ತು ಹೆಸರು. ಮೊದಲ ಪುಟದಲ್ಲೇ ಮಗುವಿನ ಹೆಸರನ್ನು ‘ಇಬ್ಬಾನಿ’ ಎಂದು ಅಚ್ಚು ಮಾಡಿದ್ದರು. ಮೂವತ್ತೊಂದು ವರ್ಷ ಶಾಲೆಯಲ್ಲಿ ಕನ್ನಡ ಕಲಿಸಿದ ನನಗೆ ಅದನ್ನು ಕಂಡು ನೋವಾಯಿತು. ಪಟ್ಟಿಯ ಮೊದಲ ಸಲಹೆ ‘ತುಷಾರ’. ತುಷಾರವೆಂದರೂ ಹಿಮ, ಇಬ್ಬನಿಯೇ; ಒಂದೇ ಅರ್ಥವನ್ನು ಮಗು ಎರಡು ಸಲ ಹೊರಬೇಕೇಕೆ? ‘ಇಬ್ಬನಿ ನಿಶಾ’ ಎಂದು ಹೇಳಿ ನೋಡಿ, ಎರಡು ‘ನಿ’ಗಳ ನಡುವೆ ನಾಲಿಗೆ ತೊಡರುತ್ತದೆ. ಇನ್ನೊಂದು ಸಲಹೆ ‘ವಿಲೋ’, ತಂಪು ಸೀಮೆಯ ಮರವೊಂದರ ಹೆಸರು. ನಮ್ಮ ಕಾಫಿ ತೋಟದಲ್ಲಿ ನೆರಳಿಗೆ ಇರುವುದು ಹಲಸು, ಹಾಲುವಾಣ, ಸಿಲ್ವರ್ ಓಕ್. ಪ್ರಕೃತಿಯ ಹೆಸರು ಎಂದ ಮೇಲೆ ಆ ಮರವನ್ನು ಮಗುವಿಗೆ ಕೈ ತೋರಿಸಿ ‘ಇದೇ ನೀನು’ ಎಂದು ಹೇಳುವಂತಿರಬೇಕು.

ಆದರೆ ಅವರ ಸಲಹೆಗಾರ್ತಿಯೊಂದಿಗೆ ಫೋನಿನಲ್ಲಿ ಮಾತನಾಡಿದ ಇಪ್ಪತ್ತು ನಿಮಿಷಕ್ಕೆ ನಾನು ಪೂರ್ಣ ಅಂಕ ಕೊಡುತ್ತೇನೆ. ‘ಇಬ್ಬನಿ’ಯ ಮುಂದೆ ಸ್ವರದಿಂದ ಆರಂಭವಾಗುವ ಹೆಸರು ಬೇಡ ಎಂದರು ಆಕೆ. ‘ಇಬ್ಬನಿ ಉಮಾ’ ಎಂದು ಬೇಗ ಹೇಳಿದರೆ ‘ಇಬ್ಬನಿಯುಮಾ’ ಆಗುತ್ತದೆ. ನಾನು ಮಕ್ಕಳಿಗೆ ಕರಿಹಲಗೆಯ ಮೇಲೆ ಬರೆದು ಕಲಿಸಿದ ಯಕಾರಾಗಮ ಸಂಧಿಯೇ ಇದು! ಹೆಸರನ್ನು ಕಾಗದದ ಮೇಲೆ ಓದಿ ತೀರ್ಮಾನಿಸಬೇಡಿ, ಅಂಗಳದ ಆ ತುದಿಯಿಂದ ಕೂಗಿ ನೋಡಿ ಎಂದೂ ಹೇಳಿದರು. ಪಾಸ್‌ಪೋರ್ಟ್ ಅರ್ಜಿಯಲ್ಲಿ ನಡುವಿನ ಹೆಸರಿಗೆ ಬೇರೆ ಕಲಂ ಇಲ್ಲ, ಅದು ಮೊದಲ ಹೆಸರಿನ ಜೊತೆಯಲ್ಲೇ ಸೇರುತ್ತದೆ ಎಂಬುದನ್ನು ಆಕೆಯೇ ತಿಳಿಸಿದರು. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲೆಗೆ, ಪಾಸ್‌ಪೋರ್ಟಿಗೆ ಜನನ ಪ್ರಮಾಣಪತ್ರವೇ ಮುಖ್ಯ ದಾಖಲೆ. ಅದರಲ್ಲಿ ಇಂಗ್ಲಿಷ್ ಕಾಗುಣಿತ ಒಮ್ಮೆ ಹೇಗೆ ಬರುತ್ತದೋ ಅದೇ ಮುಂದೆಯೂ ಇರಬೇಕು ಎಂಬ ಎಚ್ಚರಿಕೆಯೂ ಉಪಯೋಗಕ್ಕೆ ಬಂತು.

ಆಕೆ ಕೇಳದೆ ಬಿಟ್ಟದ್ದು ಒಂದೇ, ನಮ್ಮ ಮನೆಹೆಸರು. ಕೊಡವರಲ್ಲಿ ಹೆಸರು ಆರಂಭವಾಗುವುದೇ ಅಲ್ಲಿಂದ. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಪೂರ್ಣ ಹೆಸರನ್ನು ನೋಡಿ: ಕೊಡಂದೇರ ಎಂಬುದು ಮನೆತನ, ಮಾದಪ್ಪ ತಂದೆ, ಕಾರ್ಯಪ್ಪ ಅವರು. ನಡುವಿನ ಜಾಗದಲ್ಲಿ ಒಬ್ಬ ಮನುಷ್ಯರಿದ್ದಾರೆ. ಚಂದ ಕಂಡ ಪದವೊಂದನ್ನು ತಂದು ಅಲ್ಲಿ ಕೂರಿಸಲು ನನಗೆ ಮನಸ್ಸು ಬರಲಿಲ್ಲ.

ಅಂದು ಸಂಜೆ ಸೊಸೆಯೇ ಕೇಳಿದಳು, ‘ಅಜ್ಜಿಯ ಹೆಸರು ಇಟ್ಟರೆ?’ ಅವಳು ಹೇಳಿದ್ದು ಮಗನ ಅಜ್ಜಿಯನ್ನು, ಅಂದರೆ ನನ್ನ ಅತ್ತೆಯನ್ನು; ಅವರ ಹೆಸರು ಪೂವಮ್ಮ. ಕೊಡವ ಭಾಷೆಯಲ್ಲಿ ಪೂ ಎಂದರೆ ಹೂ. ಆಯುಧಗಳನ್ನು ಪೂಜಿಸುವ ಕೈಲ್ ಪೊಳ್ದ್ ಹಬ್ಬಕ್ಕೆ ಕೋವಿಗೆ ಮುಡಿಸುವ ತೋಕ್ ಪೂವನ್ನು ಬೇಲಿಯ ಸಾಲಿನಲ್ಲಿ ಹುಡುಕಿ ತರುವ ಕೆಲಸವನ್ನು ಅವರು ಎಂಬತ್ತು ದಾಟಿದ ಮೇಲೂ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಏಷ್ಯನ್ ಕ್ರೀಡಾಕೂಟದ ರಿಲೇಯಲ್ಲಿ 2014 ಮತ್ತು 2018ರಲ್ಲಿ ಚಿನ್ನ ಗೆದ್ದ ನಮ್ಮ ಜಿಲ್ಲೆಯ ಓಟಗಾರ್ತಿಯೂ ಪೂವಮ್ಮನೇ, ಹಾಗಾಗಿ ಹೆಸರು ಹಳೆಯದಾಯಿತು ಎಂಬ ಮಾತು ನಿಲ್ಲಲಿಲ್ಲ. ಅಂಗಳಕ್ಕೆ ಇಳಿದು ಕೂಗಿದೆ: ‘ಇಬ್ಬನಿ ಪೂವಮ್ಮಾ!’ ಒಂದರಲ್ಲಿ ಬ್ಬ, ಇನ್ನೊಂದರಲ್ಲಿ ಮ್ಮ. ಒತ್ತಕ್ಷರಗಳೆರಡೂ ತಾಳ ಹಾಕಿದಂತೆ ಕೇಳಿಸಿತು. ಹೂವಿನ ಮೇಲೆ ಇಬ್ಬನಿ ಕೂತಿತು.

ಉದ್ದ ಹೆಚ್ಚಾಗಬಾರದೆಂದು ಮಗ ತನ್ನ ಹೆಸರನ್ನು ಬಿಟ್ಟುಕೊಟ್ಟ. ಪ್ರಮಾಣಪತ್ರದಲ್ಲಿ ತಂದೆಯ ಹೆಸರಿಗೆ ಬೇರೆ ಸಾಲು ಇದ್ದೇ ಇದೆ.

ವರದಿಗೆಂದು ಯಾರೂ ಹಣ ಕೊಡಬೇಡಿ; ಫೋನ್ ಮಾತುಕತೆ ಮಾತ್ರ ಕೊಳ್ಳಲು ಸಿಕ್ಕಿದರೆ ಕೊಳ್ಳಿ. ವಾರ ಕಳೆದು ಸಲಹೆಗಾರ್ತಿ ತಾವಾಗಿಯೇ ಕರೆ ಮಾಡಿ ಯಾವ ಹೆಸರು ಆರಿಸಿದಿರಿ ಎಂದು ವಿಚಾರಿಸಿದರು. ಹೇಳಿದೆ. ‘ಪೂವಮ್ಮ ಯಾರು?’ ಎಂದು ಕೇಳಿದರು. ತೋಕ್ ಪೂವಿನ ಕಥೆಯನ್ನು ಅರ್ಧ ಗಂಟೆ ಕುಳಿತು ಕೇಳಿಸಿಕೊಂಡರು.